ಚಳಿಗಾಲದ ನೀರಿಗೆ ನಾನೂ ಬರಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಮುಗಿದು ಬೆಳಗಿನ ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ಈ ಪ್ರಶ್ನೆಗಳು ಶುರುವಾಗುತ್ತವೆ. ಮೀನು ಮಾರ್ಕೆಟ್ಟಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಶಿರಸಿ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಕಾರವಾರದ ಸುತ್ತಮುತ್ತ ಚಳಿಗಾಲದಲ್ಲಿ ಈಜುವ, ಕಯಾಕ್ ಹೊಡೆಯುವ ನಮ್ಮ ಗುಂಪಿಗೆ ಹೆಸರಿಲ್ಲ, ಫೀಸೂ ಇಲ್ಲ. ಪದೇ ಪದೇ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದವು ಮೊದಲು, ಗಟ್ಟಿಯವು ಆಮೇಲೆ.

## ಬರಬೇಕು ಅನ್ನುವ ಆಸೆ ಇದ್ದವರಿಗೆ

ಕಾರವಾರದಲ್ಲಿ ಚಳಿ ಎಲ್ಲಿದೆ ಮಾರಾಯ್ರೆ? ಇದೆಂಥ ಚಳಿಗಾಲದ ಸಾಹಸ?

ಸಮುದ್ರದ ನೀರಿನಲ್ಲಿ ಚಳಿ ಇಲ್ಲ, ನಿಜ. ಜನವರಿಯಲ್ಲೂ ಇಲ್ಲಿಯ ಅರಬ್ಬಿ ಸಮುದ್ರದ ಮೇಲ್ನೀರು 27–28 ಡಿಗ್ರಿ ಆಸುಪಾಸು ಇರುತ್ತದೆ. ಆದರೆ ಬೆಳಿಗ್ಗೆ ಆರು ಗಂಟೆಗೆ ದಂಡೆಯ ಗಾಳಿ ಅದಕ್ಕಿಂತ ಎಂಟು ಹತ್ತು ಡಿಗ್ರಿ ತಣ್ಣಗಿರುತ್ತದೆ. ಇಳಿಯುವಾಗ ನೀರು ಬೆಚ್ಚಗೆ ಅನಿಸುತ್ತದೆ, ಒದ್ದೆ ಮೈಯಲ್ಲಿ ಮೇಲೆ ಬಂದಾಗ ಗಾಳಿ ಕೊರೆಯುತ್ತದೆ. ಇಲ್ಲಿ ಚಳಿಗೆ ತಯಾರಾಗುವುದು ಅಂದರೆ ಮೇಲೆ ಬಂದ ಮೇಲಿನ ಹತ್ತು ನಿಮಿಷಕ್ಕೆ ತಯಾರಾಗುವುದು.

ಘಟ್ಟ ಹತ್ತಿದರೆ ಕತೆ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಗಳು ಕಾಡಿನ ನೆರಳಲ್ಲೇ ಹರಿಯುತ್ತವೆ, ಮಧ್ಯಾಹ್ನವೂ ತಣ್ಣಗಿರುತ್ತವೆ. ಜೋಯಿಡಾದ ಗಣೇಶಗುಡಿಯಲ್ಲಿ ಕಾಳಿ ಇನ್ನೂ ತಣ್ಣಗೆ. ಅಲ್ಲಿಗೆ ಬರುವುದು ಸೂಪಾ ಅಣೆಕಟ್ಟಿನ ಆಳದ ನೀರು, ಅದಕ್ಕೆ ಬಿಸಿಲು ತಾಗಿರುವುದೇ ಇಲ್ಲ. ಹೀಗೆ ಒಂದೇ ಜಿಲ್ಲೆಯಲ್ಲಿ ಎರಡು ಥರದ ಚಳಿ ಸಿಗುತ್ತದೆ. ಎರಡಕ್ಕೂ ತಯಾರಿ ಬೇರೆ ಬೇರೆ.

ಬೇರೆಯವರು ಹೋಗೋದು ನೋಡಿ ಹೊಟ್ಟೆ ಚುರುಕ್ ಅನ್ನುತ್ತೆ. ಆದ್ರೆ ನನ್ನನ್ನ ಯಾರೂ ಕರೆಯಲ್ಲ. ಸೇರೋದು ಹೇಗೆ?

ಇದು ಅತಿ ಹೆಚ್ಚು ಬರುವ ಪ್ರಶ್ನೆ. ಕೇಳುವವರ ದನಿ ಒಂದು ಸ್ವಲ್ಪ ತಗ್ಗಿರುತ್ತದೆ. ಕೇಳಿದ್ದೇ ತಪ್ಪೇನೋ ಅನ್ನುವ ಹಾಗೆ.

ತಪ್ಪಲ್ಲ. ನೀರಿಗೆ ಹೋಗುವವರು ಕರೆಯದೇ ಇರುವುದಕ್ಕೆ ಕಾರಣ ಬೇರೆ. ಕರೆದು ಏನಾದರೂ ಆದರೆ ಜವಾಬ್ದಾರಿ ನಮ್ಮದಾಗುತ್ತದಲ್ಲ ಅನ್ನುವ ಹೆದರಿಕೆ. ಹಾಗಾಗಿ ಅವರು ಕರೆಯಲಿ ಎಂದು ಕಾಯಬೇಡಿ, ನೀವೇ ಕೇಳಿ. ಕೇಳುವಾಗ “ನಾನೂ ನೀರಿಗೆ ಬರಲಾ” ಅನ್ನುವ ಬದಲು “ನಾನು ದಂಡೆ ಕಾಯಲಾ” ಎಂದು ಕೇಳಿ. ಇದಕ್ಕೆ ಯಾವ ಗುಂಪೂ ಇಲ್ಲ ಅನ್ನುವುದಿಲ್ಲ. ದಂಡೆಯ ಮೇಲೆ ಒಬ್ಬರು ಬೇಕೇ ಬೇಕು, ಆದರೆ ಬಂದವರಿಗೆಲ್ಲ ನೀರಿಗಿಳಿಯುವ ಆಸೆ.

ದಂಡೆ ಕಾಯುವುದು ಸುಮ್ನೆ ಕೂರುವ ಕೆಲಸವಲ್ಲ. ನಮ್ಮಲ್ಲಿ ಇಳಿಯುವವರೆಲ್ಲ ತಮ್ಮ ಚಪ್ಪಲಿಯನ್ನು ಮರಳಿನ ಮೇಲೆ ಒಂದೇ ಸಾಲಿನಲ್ಲಿ, ಮೂತಿ ಸಮುದ್ರದ ಕಡೆ ಮಾಡಿ ಬಿಡುತ್ತಾರೆ. ಮೇಲೆ ಬಂದವರು ಮೊದಲು ಚಪ್ಪಲಿ ಮೆಟ್ಟಬೇಕು, ಟವೆಲ್ ಆಮೇಲೆ. ದಂಡೆಯಲ್ಲಿರುವವರು ನೀರಿನ ಮೇಲಿನ ತಲೆ ಎಣಿಸುತ್ತಾರೆ, ಸಾಲಿನಲ್ಲಿ ಉಳಿದ ಜೋಡಿ ಎಣಿಸುತ್ತಾರೆ. ಎರಡೂ ತಾಳೆ ಆಗಬೇಕು. ಆಗದಿದ್ದರೆ ಸಿಳ್ಳೆ. ಸಿಳ್ಳೆ ಕೇಳಿದರೆ ಎಲ್ಲರೂ ಕೈ ಎತ್ತಬೇಕು.

ಹೀಗೆ ನಾಲ್ಕು ಭಾನುವಾರ ನಿಂತರೆ ನಿಮಗೆ ಅಲೆ ಓದಲು ಬರುತ್ತದೆ, ಯಾರು ಹೇಗೆ ಈಜುತ್ತಾರೆ ಗೊತ್ತಾಗುತ್ತದೆ. ಅವರಿಗೂ ನೀವು ಗೊತ್ತಾಗುತ್ತೀರಿ. ಐದನೆಯ ವಾರ “ಬನ್ನಿ, ಮೊಣಕಾಲು ಮಟ್ಟ ಇಳಿಯಿರಿ” ಎಂದು ಅವರೇ ಹೇಳುತ್ತಾರೆ. ಈ ಬಾಗಿಲಿನಿಂದ ಬಂದವರೇ ನಮ್ಮಲ್ಲಿ ಜಾಸ್ತಿ. ಹಾಗೆ ಬಂದವರೇ ಗಟ್ಟಿಯಾಗಿ ಉಳಿಯುತ್ತಾರೆ ಅನ್ನುವುದು ನನ್ನ ನಂಬಿಕೆ.

ನಂಗೆ ಈಜೇ ಬರಲ್ಲ. ಬರಬಹುದಾ?

ಬರಬಹುದು. ಆದರೆ ಈಜು ಕಲಿಯುವ ಜಾಗ ಸಮುದ್ರವಲ್ಲ. ನಮ್ಮ ಕಡೆ ಹಿಂದಿನವರು ಸೊಂಟಕ್ಕೆ ಒಣ ತೆಂಗಿನಕಾಯಿ ಜೋಡಿ ಕಟ್ಟಿಕೊಂಡು ಬಾವಿಯಲ್ಲೋ ಕೆರೆಯಲ್ಲೋ ಕಲಿತರು. ಈಗ ಈಜುಕೊಳ ಇದೆ, ಕಲಿಸುವವರಿದ್ದಾರೆ. ಮಳೆಗಾಲದಲ್ಲೇ ಕಲಿಯಲು ಶುರು ಮಾಡಿದರೆ ಚಳಿಗಾಲಕ್ಕೆ ತಯಾರು.

ಮೊದಲು ಕಲಿಯಬೇಕಾದ್ದು ಅಂಗಾತ ತೇಲುವುದು. ಐದು ನಿಮಿಷ ಕೈಕಾಲು ಬಡಿಯದೆ, ಗಾಬರಿಯಾಗದೆ ತೇಲಿದರೆ ಅರ್ಧ ಗೆದ್ದ ಹಾಗೆ. ಅಲ್ಲಿಯವರೆಗೆ ಲೈಫ್ ಜಾಕೆಟ್ ಹಾಕಿ ಶಾಂತ ಹಿನ್ನೀರಿನಲ್ಲಿ ಕಯಾಕ್ ಹೊಡೆಯಿರಿ. ಅದಕ್ಕೆ ಈಜು ಬರಲೇಬೇಕೆಂದಿಲ್ಲ. ಜಾಕೆಟ್ಟಿನ ಬಕಲ್ ಎಲ್ಲ ಹಾಕಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಯಾರಿಗಾದರೂ ಹೇಳಿ. ಅದು ಕಿವಿಯವರೆಗೆ ಬಂದರೆ ನಿಮ್ಮ ಅಳತೆಯದಲ್ಲ.

ಮನೇಲಿ ಬಿಡಲ್ಲ. ಅದ್ರಲ್ಲೂ ಹೆಣ್ಮಕ್ಕಳಿಗೆ ಅಂತೂ ಸಾಧ್ಯವೇ ಇಲ್ಲ ಅಂತಾರೆ.

ಬಿಡದವರನ್ನು ಒಂದು ಬೆಳಿಗ್ಗೆ ಕರೆದುಕೊಂಡೇ ಬನ್ನಿ. ನೂರು ಮಾತಿಗಿಂತ ಅದು ಮೇಲು. ಚಪ್ಪಲಿ ಸಾಲು, ಸಿಳ್ಳೆ, ದಂಡೆಯಲ್ಲಿ ನಿಂತವರನ್ನು ಕಣ್ಣಾರೆ ನೋಡಿದ ಮೇಲೆ ಅಮ್ಮಂದಿರ ಹೆದರಿಕೆ ಎಷ್ಟೋ ಇಳಿಯುತ್ತದೆ.

ಇನ್ನು ಹೆಣ್ಣುಮಕ್ಕಳ ಮಾತು. ಕುಮಟಾ ಹತ್ತಿರ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಹೋಗಿ ನೋಡಿ. ಸೀರೆ ಎತ್ತಿ ಕಟ್ಟಿ, ಸೊಂಟ ಮಟ್ಟದ ನೀರಲ್ಲಿ ನಿಂತು, ಕಾಲಲ್ಲೇ ತಡಕಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುವ ಹೆಂಗಸರು ಗಂಟೆಗಟ್ಟಲೆ ಅಲ್ಲೇ ಇರುತ್ತಾರೆ. ಚಳಿಗಾಲದಲ್ಲೂ. ಪಕ್ಕದಲ್ಲಿ ತೇಲುವ ಬುಟ್ಟಿಯೋ ಪಾತ್ರೆಯೋ ಇರುತ್ತದೆ, ಅದರ ಹಗ್ಗ ಅವರ ಸೊಂಟಕ್ಕೆ. ಈ ಜಿಲ್ಲೆಯ ನೀರನ್ನು ಅವರಷ್ಟು ಬಲ್ಲವರು ಕಡಿಮೆ. ಹೆಂಗಸರಿಗೆ ನೀರು ಆಗಿಬರುವುದಿಲ್ಲ ಅನ್ನುವ ಮಾತು ಈ ಕರಾವಳಿಯಲ್ಲಿ ನಿಲ್ಲುವುದೇ ಇಲ್ಲ.

ಬಟ್ಟೆಯ ಚಿಂತೆ ಇದ್ದರೆ ಮೈ ತುಂಬುವ ಈಜುಡುಗೆ, ಲೆಗ್ಗಿಂಗ್ಸ್ ಎಲ್ಲ ಸಿಗುತ್ತವೆ. ದುಪಟ್ಟಾ, ಸಡಿಲ ಚೂಡಿದಾರ, ಸೀರೆ ಮಾತ್ರ ಅಲೆಗೆ ಬೇಡ. ಕಾಲಿಗೆ ಸುತ್ತಿಕೊಳ್ಳುತ್ತವೆ.

ನಂಗೆ 56. ಬಿಪಿ ಮಾತ್ರೆ ತಗೋತೀನಿ. ತಣ್ಣೀರು ಆಗುತ್ತಾ?

ವೈದ್ಯರನ್ನು ಕೇಳದೆ ತಣ್ಣೀರಿಗೆ ಬೇಡ. ಮೈಗೆ ಏಕಾಏಕಿ ತಣ್ಣೀರು ತಾಗಿದಾಗ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ಎದೆಬಡಿತ ಜೋರಾಗುತ್ತದೆ. ಆರೋಗ್ಯವಂತರಿಗೆ ಅದು ಒಂದೆರಡು ನಿಮಿಷದ ಮಾತು. ಹೃದಯದ ತೊಂದರೆ ಇದ್ದವರಿಗೆ ಅಷ್ಟೇ ಸಾಕು ಅಪಾಯಕ್ಕೆ. ಕೇಳುವಾಗ “ಈಜಬಹುದಾ” ಎಂದಷ್ಟೇ ಕೇಳಬೇಡಿ. ಎಂಥ ನೀರು, ಎಷ್ಟು ಹೊತ್ತು, ಯಾವ ಮಾತ್ರೆ ಎಂದು ಬಿಡಿಸಿ ಹೇಳಿ. ಅಪಸ್ಮಾರ ಇದ್ದವರಿಗೂ ಇದೇ ಮಾತು. ವಯಸ್ಸಂತೂ ಅಡ್ಡಿಯಲ್ಲ.

ತಲೆ ಒದ್ದೆ ಮಾಡ್ಕೊಂಡು ಗಾಳೀಲಿ ನಿಂತ್ರೆ ನೆಗಡಿ ಆಗಲ್ವಾ?

ನೆಗಡಿ ತರುವುದು ವೈರಸ್. ಒದ್ದೆ ತಲೆಯಿಂದ ಬರುವುದು ನಡುಕ ಮಾತ್ರ. ಈಗಾಗಲೇ ಜ್ವರ, ಕೆಮ್ಮು ಇದ್ದರೆ ಆ ವಾರ ಮನೆಯಲ್ಲಿರಿ.

## ಯಾವಾಗ, ಎಲ್ಲಿ, ಏನು ಹಾಕಿಕೊಂಡು

ಯಾವ ತಿಂಗಳು ಒಳ್ಳೇದು? ಅಷ್ಟು ಬೆಳಿಗ್ಗೆಯೇ ಏಳ್ಬೇಕಾ?

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಮಳೆಗಾಲದ ಕೆಂಪು ನೀರು ಆಗ ತಿಳಿಯಾಗಿರುತ್ತದೆ, ಅಲೆಯೂ ಕಡಿಮೆ.

ಬೆಳಿಗ್ಗೆಯೇ ಏಳಬೇಕು, ಗಾಳಿಯ ಕಾರಣಕ್ಕೆ. ಚಳಿಗಾಲದಲ್ಲಿ ರಾತ್ರಿ ನೆಲ ಬೇಗ ತಣಿಯುತ್ತದೆ, ಬೆಳಗಿನ ಜಾವ ಘಟ್ಟದ ಕಡೆಯಿಂದ ಸಮುದ್ರಕ್ಕೆ ಮೂಡುಗಾಳಿ ಬೀಸುತ್ತದೆ. ಅದು ಅಲೆಯನ್ನು ಚಪ್ಪಟೆ ಮಾಡುತ್ತದೆ. ಮಧ್ಯಾಹ್ನ ಗಾಳಿ ತಿರುಗಿ ಸಮುದ್ರದಿಂದ ಬೀಸತೊಡಗಿದರೆ ನೀರೆಲ್ಲ ಕಲಕುತ್ತದೆ. ಈಜಿಗೆ, ಕಯಾಕಿಗೆ ಬೆಳಗಿನ ಆರೂವರೆಯಿಂದ ಒಂಬತ್ತೂವರೆ ಚೆನ್ನ. ಕತ್ತಲಲ್ಲಿ ಮಾತ್ರ ಇಳಿಯಬೇಡಿ, ತಲೆ ಎಣಿಸಲು ಬೆಳಕು ಬೇಕು.

ಇನ್ನೊಂದು, ಭರತ–ಇಳಿತ. ದಿನಕ್ಕೆ ಎರಡು ಭರತ, ಎರಡು ಇಳಿತ, ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಕಾರವಾರದಲ್ಲಿ ಎರಡು ಮೀಟರ್ ಹತ್ತಿರ ಬರುತ್ತದೆ. ಹೊಳೆ ಬಾಯಿಯ ಹತ್ತಿರ ಇಳಿತದ ಹೊತ್ತಿಗೆ ಇಳಿಯಲೇಬಾರದು. ಕಾಳಿಯ ನೀರೂ ಸಮುದ್ರದ ನೀರೂ ಒಟ್ಟಿಗೆ ಹೊರಗೆ ಎಳೆಯುತ್ತವೆ, ಒಳ್ಳೆಯ ಈಜುಗಾರರೂ ಅದರ ಎದುರು ನಿಲ್ಲುವುದಿಲ್ಲ.

ಮೊದಲ ಸಲಕ್ಕೆ ಯಾವ ಜಾಗ ಹೇಳ್ತೀರಿ?

ಈಜಿಗೆ ಕಾಸರಕೋಡು. ಹೊನ್ನಾವರದ ಈ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಲ್ಲಿ ಈಜುವ ಜಾಗ ಗುರುತು ಮಾಡಿದ್ದಾರೆ, ಜೀವರಕ್ಷಕರಿದ್ದಾರೆ, ಬಟ್ಟೆ ಬದಲಿಸಲು ಕೋಣೆ ಇದೆ. ಚಳಿಯಲ್ಲಿ ಆ ಕೋಣೆಯ ಬೆಲೆ ಗೊತ್ತಾಗುತ್ತದೆ.

ಕಾರವಾರದಲ್ಲಾದರೆ ರವೀಂದ್ರನಾಥ ಟಾಗೋರ್ ಕಡಲತೀರದ ನಡುಭಾಗ. ಉತ್ತರಕ್ಕೆ ಕಾಳಿಯ ಬಾಯಿ, ದಕ್ಷಿಣಕ್ಕೆ ಬೈತಖೋಲ ಬಂದರು, ಎರಡರಿಂದಲೂ ದೂರ ಇರಿ. ಬಂದರು ದಾಟಿ ಬಿಣಗಾ, ಅರ್ಗಾ ಕಡೆ ನೌಕಾನೆಲೆ ಇದೆ. ಅಂಜುದೀವ್ ದ್ವೀಪವೂ ನೌಕಾಪಡೆಯದ್ದು. ಆ ಕಡೆ ಕಯಾಕ್ ತಿರುಗಿಸಲೇಬೇಡಿ.

ಕಯಾಕಿಗೆ ಹೊನ್ನಾವರದ ಶರಾವತಿ ಹಿನ್ನೀರು ನನ್ನ ಆಯ್ಕೆ. ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗೆ ಗಾಳಿ ತಾಗುವುದಿಲ್ಲ. ಬೆಳಿಗ್ಗೆ ನೀರಿನ ಮೇಲೆ ಮಂಜು ಕೂತಿರುತ್ತದೆ, ನಾಲ್ಕು ಮಾರು ದೂರದ ದೋಣಿ ಕಾಣುವುದಿಲ್ಲ, ಹುಟ್ಟು ಹಾಕುವ ಸದ್ದು ಮಾತ್ರ ಕೇಳುತ್ತದೆ. ಮಂಜು ದಟ್ಟವಾಗಿದ್ದರೆ ದಡ ಬಿಟ್ಟು ನಡುವಿಗೆ ಹೋಗಬೇಡಿ. ಮೀನು ದೋಣಿ, ಮರಳು ದೋಣಿ ಓಡಾಡುವ ಹೊಳೆ ಅದು.

ಶಿರಸಿ ಕಡೆ ಜಲಪಾತದ ಗುಂಡೀಲಿ ಇಳಿಯೋಣ ಅಂತ ಗೆಳೆಯರು ಹೇಳ್ತಾರೆ. ಹೋಗ್ಲಾ?

ಯಾವ ಜಲಪಾತ ಅನ್ನುವುದರ ಮೇಲೆ. ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿ, ಬೇಡ್ತಿಯ ಮಾಗೋಡು, ಇವೆಲ್ಲ ದೂರದಿಂದ ನೋಡುವಂಥವು. ಕೆಳಗಿಳಿಯುವ ಮಾತೇ ಬೇಡ. ಸಾತೊಡ್ಡಿ, ವಿಭೂತಿಯಂಥ ಕಡೆ ಜನ ಇಳಿಯುತ್ತಾರೆ. ಶಿರಸಿ ಹತ್ತಿರ ಶಾಲ್ಮಲೆಯ ಸಹಸ್ರಲಿಂಗದಲ್ಲಿ ಚಳಿಗಾಲಕ್ಕೆ ನೀರು ತಗ್ಗಿ ಲಿಂಗಗಳು ಮೇಲೆ ಕಾಣುತ್ತವೆ, ಕಲ್ಲಿನ ನಡುವೆ ಕಾಲು ಇಳಿಬಿಟ್ಟು ಕೂರುವುದಕ್ಕೆ ಅದು ಚಂದ.

ಅಪಾಯ ಇರುವುದು ಕಲ್ಲಲ್ಲಿ. ಪಾಚಿ ಕಟ್ಟಿದ ಕರಿಕಲ್ಲು ಒಣಗಿದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಗುಂಡಿಯ ಆಳ ಪ್ರತಿ ಮಳೆಗಾಲ ಬದಲಾಗುತ್ತದೆ. ಹೋದ ವರ್ಷ ಹಾರಿದ ಜಾಗದಲ್ಲಿ ಈ ವರ್ಷ ಬಂಡೆ ಕೂತಿರಬಹುದು. ಹಾರಬೇಡಿ. ಕೂತು, ಜಾರಿ ಇಳಿಯಿರಿ.

ಇನ್ನೊಂದು ಸಂಗತಿಯನ್ನು ಹೊರಗಿನಿಂದ ಬರುವವರು ಮರೆಯುತ್ತಾರೆ. ಸಿದ್ದಾಪುರ, ಶಿರಸಿ ಭಾಗದ ಕಾಡಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಕಾಲ. ಅದು ಉಣುಗಿನಿಂದ ಬರುತ್ತದೆ. ಜಲಪಾತಕ್ಕೆ ನಡೆಯುವಾಗ ಉದ್ದ ಪ್ಯಾಂಟು, ತುಂಬು ತೋಳು, ಸಾಕ್ಸ್ ಒಳಗೆ ಪ್ಯಾಂಟಿನ ತುದಿ ಇರಲಿ. ಈಜುಡುಗೆಯಲ್ಲೇ ಕಾಡು ದಾಟಬೇಡಿ, ತರಗೆಲೆ ಮೇಲೆ ಕೂರಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಮನೆಗೆ ಬಂದು ಬಿಸಿನೀರು, ಸೋಪು ಹಾಕಿ ಮಿಂದು ಮೈಯೆಲ್ಲ ನೋಡಿಕೊಳ್ಳಿ. ಆಮೇಲೆ ಒಂದೆರಡು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ವೆಟ್‌ಸೂಟ್ ತಗೋಬೇಕಾ? ಏನೇನು ತರಬೇಕು?

ಕಡಲ ಈಜಿಗೆ ವೆಟ್‌ಸೂಟ್ ಬೇಡ, ಸೆಕೆ ಆಗುತ್ತದೆ. ಗಣೇಶಗುಡಿಯಂಥ ತಣ್ಣೀರಿನಲ್ಲಿ ಜಾಸ್ತಿ ಹೊತ್ತು ಇರುವವರಿಗೆ 2–3 ಮಿಲಿಮೀಟರಿನ ತೆಳ್ಳನೆಯದು ಸಾಕು. ಮೊದಲ ವರ್ಷ ದುಡ್ಡು ಹಾಕಬೇಡಿ.

ಬೇಕಾದ್ದು ಇಷ್ಟು. ಕಿತ್ತಳೆ ಅಥವಾ ಕಡು ಹಳದಿ ಟೋಪಿ, ದಂಡೆಯಿಂದ ಕಾಣಬೇಕು. ಸೊಂಟಕ್ಕೆ ಕಟ್ಟಿ ಎಳೆಯುವ ತೇಲುಬುರುಡೆ. ಸಿಳ್ಳೆ. ಕಲ್ಲಿಗಂಟಿದ ಸಿಂಪಿ ಕಾಲು ಸೀಳುತ್ತದೆ, ಹಾಗಾಗಿ ರಬ್ಬರ್ ಶೂ. ಎರಡು ಟವೆಲ್, ಮುಂಡಾಸು ಸುತ್ತಲು ಒಂದು, ಮೈಗೆ ಒಂದು.

ಬದಲಿಸುವ ಬಟ್ಟೆಗೆ ಗುಂಡಿ ಬೇಡ. ತಣ್ಣೀರಿನಿಂದ ಬಂದ ಬೆರಳು ಮರಗಟ್ಟಿರುತ್ತದೆ, ಷರ್ಟಿನ ಗುಂಡಿ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ತಲೆ ಮೇಲಿಂದ ಹಾಕುವ ಉಣ್ಣೆಯ ಸ್ವೆಟರ್, ಸಡಿಲ ಲುಂಗಿ ಅಥವಾ ನೈಟ್ ಪ್ಯಾಂಟ್ ಇರಲಿ. ಹಾಕುವ ಕ್ರಮದಲ್ಲೇ ಮಡಚಿಡಿ, ಮೊದಲು ಹಾಕುವುದು ಮೇಲೆ. ಫ್ಲಾಸ್ಕಿನಲ್ಲಿ ಕಷಾಯ. ಶಿರಸಿ ಕಡೆಯವರು ಜೋನಿಬೆಲ್ಲ ಹಾಕಿ ತರುತ್ತಾರೆ, ಅದಕ್ಕೆ ನಮ್ಮಲ್ಲಿ ಸರತಿ ಸಾಲು.

ಮೈಗೆ ಕೊಬ್ಬರಿ ಎಣ್ಣೆ ಹಚ್ಕೊಂಡ್ರೆ ಚಳಿ ತಡೆಯುತ್ತಂತೆ?

ತಡೆಯುವುದಿಲ್ಲ. ಉಪ್ಪುನೀರಿನಲ್ಲಿ ಕಂಕುಳು, ಕುತ್ತಿಗೆ, ತೊಡೆಸಂದಿ ಉಜ್ಜಿ ಕೆಂಪಾಗುವುದನ್ನು ತಡೆಯುತ್ತದೆ. ಅಷ್ಟಕ್ಕೆ ಹಚ್ಚಿ. ಅಂಗೈಗೆ ಮಾತ್ರ ಬೇಡ, ಹುಟ್ಟು ಜಾರುತ್ತದೆ.

## ನೀರಿಗೆ ಇಳಿದ ಮೇಲೆ

ತಣ್ಣೀರಿಗೆ ಇಳಿದ ಕೂಡ್ಲೇ ಉಸಿರು ಸಿಕ್ಕಾಕ್ಕೊಳ್ಳುತ್ತೆ. ನಂಗೇನಾದ್ರೂ ತೊಂದರೆ ಇದೆಯಾ?

ಇಲ್ಲ, ಎಲ್ಲರ ಮೈಯೂ ಹೀಗೇ ಮಾಡುತ್ತದೆ. ತಣ್ಣೀರು ಚರ್ಮಕ್ಕೆ ತಾಗಿದ ಕೂಡಲೇ ಬಾಯಿ ತಾನಾಗಿ ತೆರೆದು ದೊಡ್ಡದೊಂದು ಉಸಿರು ಎಳೆದುಕೊಳ್ಳುತ್ತದೆ, ಆಮೇಲೆ ಏದುಸಿರು. ರೂಢಿ ಇಲ್ಲದವರಿಗೆ 25 ಡಿಗ್ರಿಗಿಂತ ಕೆಳಗಿನ ನೀರಿನಲ್ಲೇ ಇದು ಸಣ್ಣಗೆ ಶುರುವಾಗುತ್ತದೆ, 15 ಡಿಗ್ರಿಗಿಂತ ಕೆಳಗೆ ಬಹಳ ಜೋರು. ಮೊದಲ ಅರ್ಧ ನಿಮಿಷ ಅತಿ ಕೆಟ್ಟದ್ದು, ಎರಡು ಮೂರು ನಿಮಿಷದಲ್ಲಿ ಹದಕ್ಕೆ ಬರುತ್ತದೆ. ಆ ಮೊದಲ ಉಸಿರಿನ ಹೊತ್ತಿಗೆ ತಲೆ ನೀರೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ತಣ್ಣೀರಿಗೆ ಹಾರಬಾರದು ಅನ್ನುವುದು ಇದಕ್ಕೇ.

ನಿಧಾನ ಇಳಿಯಿರಿ. ಕಾಲು, ಆಮೇಲೆ ಸೊಂಟ. ಮುಖಕ್ಕೆ, ಕುತ್ತಿಗೆ ಹಿಂಭಾಗಕ್ಕೆ ನೀರು ಹಚ್ಚಿ. ಸೊಂಟ ಮಟ್ಟದಲ್ಲಿ ನಿಂತು ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ, ಒಳಗೆಳೆಯುವುದು ತಾನಾಗಿ ಆಗುತ್ತದೆ. ಒಂದು ವಾಕ್ಯ ಪೂರ್ತಿ ಮಾತಾಡಲು ಬಂದ ಮೇಲೆ ಭುಜ ಮುಳುಗಿಸಿ. ನಾವು ಇಳಿದವರ ಹತ್ತಿರ ಊರು, ಮನೆತನ, ತಿಂಡಿ ಏನು ಎಂದೆಲ್ಲ ಕೇಳುತ್ತೇವೆ. ಸ್ಪಷ್ಟ ಉತ್ತರ ಬರುವವರೆಗೆ ಯಾರನ್ನೂ ಮುಂದೆ ಬಿಡುವುದಿಲ್ಲ.

ಮೈ ಇದಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಎರಡು ಮೂರು ನಿಮಿಷದಂತೆ ಐದಾರು ಸಲ ಇಳಿದರೆ ಆ ಏದುಸಿರು ಅರ್ಧಕ್ಕರ್ಧ ಇಳಿಯುತ್ತದೆ.

ನೀರಲ್ಲಿದ್ದಾಗ ಆರಾಮಿದ್ದೆ. ಮೇಲೆ ಬಂದು ಹತ್ತು ನಿಮಿಷಕ್ಕೆ ಗಡಗಡ ನಡುಕ. ಯಾಕೆ?

ತಣ್ಣೀರಿನಲ್ಲಿ ಮೈ ತನ್ನ ಬಿಸಿ ರಕ್ತವನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ, ಕೈಕಾಲು ತಣ್ಣಗಾಗುತ್ತವೆ. ಮೇಲೆ ಬಂದ ಮೇಲೂ ಹೊರಮೈಯ ಆ ತಂಪು ಒಳಗಿನ ಬಿಸಿಯನ್ನು ಎಳೆಯುತ್ತಲೇ ಇರುತ್ತದೆ. ಹಾಗಾಗಿ ಹತ್ತರಿಂದ ಮೂವತ್ತು ನಿಮಿಷದವರೆಗೆ ಒಳಮೈ ಇನ್ನೂ ತಣಿಯುತ್ತದೆ. “ಆರಾಮಿದ್ದೇನೆ, ಇನ್ನೊಂದು ಸುತ್ತು” ಎಂದು ನೀರಲ್ಲೇ ಉಳಿಯುವವರಿಗೆ ಈ ಲೆಕ್ಕ ಗೊತ್ತಿರಬೇಕು.

ಒದ್ದೆ ಬಟ್ಟೆ ಮೊದಲು ತೆಗೆಯಿರಿ. ಒರೆಸಿ, ಮೇಲ್ಭಾಗಕ್ಕೆ ಬಟ್ಟೆ ಹಾಕಿ, ತಲೆ ಸುತ್ತಿ. ಬಿಸಿ ಕಷಾಯ ಗುಟುಕು ಗುಟುಕಾಗಿ. ಮನೆಗೆ ಓಡಿ ಹಂಡೆಯ ಬಿಸಿನೀರು ಸುರಿದುಕೊಳ್ಳುವ ಆಸೆ ಬರುತ್ತದೆ, ನಡುಕ ನಿಲ್ಲುವವರೆಗೆ ತಡೆಯಿರಿ. ಚರ್ಮದ ರಕ್ತನಾಳ ಒಮ್ಮೆಲೇ ತೆರೆದು ತಲೆ ಸುತ್ತಿ ಬಿದ್ದುಬಿಡಬಹುದು, ಅದೂ ಬಚ್ಚಲಲ್ಲಿ. ನಡುಗುತ್ತ ಬೈಕ್ ಓಡಿಸುವುದೂ ಬೇಡ. ಇನ್ನು “ಮೈ ಬೆಚ್ಚಗಾಗಲಿ” ಎಂದು ಕುಡಿಯುವವರು ನಮ್ಮ ಜೊತೆ ಬರುವುದು ಬೇಡ. ಮದ್ಯ ಮೈಯ ಬಿಸಿಯನ್ನು ಹೊರಗೆ ಬಿಡುತ್ತದೆ, ಬುದ್ಧಿಯನ್ನೂ ಮಂಕು ಮಾಡುತ್ತದೆ.

ನಡುಗುತ್ತಿದ್ದವರ ನಡುಕ ಬಟ್ಟೆ ಹಾಕುವ ಮೊದಲೇ ನಿಂತು, ಮಾತು ತೊದಲಿದರೆ ಅದು ಸುಧಾರಣೆ ಅಲ್ಲ. ಮಲಗಿಸಿ, ಕಂಬಳಿ ಸುತ್ತಿ, 112ಕ್ಕೆ ಫೋನ್ ಮಾಡಿ.

ಚಳಿಗಾಲದಲ್ಲಿ ಸಮುದ್ರ ಶಾಂತ ಅಲ್ವಾ? ಮತ್ತೆ ಜನ ಯಾಕೆ ಮುಳುಗ್ತಾರೆ?

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಈ ಕರಾವಳಿಯಲ್ಲಿ ಇರುವವರ್ಯಾರೂ ಅದನ್ನು ಮರೆಯಬಾರದು. ಮಳೆಗಾಲದಲ್ಲಿ ಸಮುದ್ರ ನೋಡಿದರೇ ಹೆದರಿಕೆಯಾಗುತ್ತದೆ, ಜನ ದೂರ ನಿಲ್ಲುತ್ತಾರೆ. ಚಳಿಗಾಲದಲ್ಲಿ ಅಲೆ ಸಣ್ಣದು, ಆದರೆ ಸೆಳೆತ ಇದ್ದೇ ಇರುತ್ತದೆ.

ದಂಡೆಗೆ ಬಂದ ನೀರು ವಾಪಸು ಹೋಗಲು ದಾರಿ ಮಾಡಿಕೊಳ್ಳುತ್ತದೆ. ಎರಡೂ ಕಡೆ ಬಿಳಿ ನೊರೆ ಇದ್ದು ನಡುವೆ ಒಂದು ಪಟ್ಟಿ ಮಾತ್ರ ಅಲೆ ಒಡೆಯದೆ, ಕಪ್ಪಗೆ, ನುಣ್ಣಗೆ ಕಂಡರೆ ಅದೇ ಸೆಳೆತ. ಹೊಸಬರು ಇಳಿಯಲು ಅದನ್ನೇ ಆರಿಸುತ್ತಾರೆ, ಅಲೆ ಇಲ್ಲವಲ್ಲ ಎಂದು. ಬಂಡೆಗಳ ಪಕ್ಕದಲ್ಲೂ ಇದು ಜಾಸ್ತಿ, ಗೋಕರ್ಣದ ತೀರಗಳಲ್ಲಿ ನೋಡಿಕೊಳ್ಳಿ. ಸಿಕ್ಕಿಬಿದ್ದರೆ ದಂಡೆಯ ಕಡೆ ಈಜಬೇಡಿ, ಸುಸ್ತಾಗುತ್ತೀರಿ. ತೇಲಿ, ಕೈ ಎತ್ತಿ, ದಂಡೆಗೆ ಸಮಾನಾಂತರವಾಗಿ ಈಜಿ. ಪಟ್ಟಿ ದಾಟಿದ ಮೇಲೆ ಅಲೆಯೇ ತಂದು ಬಿಡುತ್ತದೆ. ದಂಡೆಯಲ್ಲಿದ್ದವರು ಬರಿಗೈಯಲ್ಲಿ ಹಾರಬೇಡಿ. ಹಗ್ಗ, ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಿರಿ. ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಕೋಸ್ಟ್ ಗಾರ್ಡಿನದು 1554.

ತೊರಕೆ, ಜೆಲ್ಲಿ ಫಿಶ್ ಕಚ್ಚಿದ್ರೆ?

ತೊರಕೆ ಅಂದರೆ ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು, ಮರಳಿನಲ್ಲಿ ಹುದುಗಿ ಮಲಗಿರುತ್ತದೆ. ಕಾಲೆತ್ತಿ ಇಡದೆ ಮರಳು ಒರೆಸಿಕೊಂಡು ನಡೆದರೆ ತಾನೇ ಸರಿಯುತ್ತದೆ. ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕಾಲಿಟ್ಟು ಆಸ್ಪತ್ರೆಗೆ ಹೋಗಿ. ಜೆಲ್ಲಿ ಫಿಶ್ ತಾಗಿದರೆ ಉಜ್ಜಬೇಡಿ, ಸಮುದ್ರದ ನೀರಿನಿಂದಲೇ ತೊಳೆಯಿರಿ.

## ಇನ್ನೂ ಮುಂದೆ ಹೋಗುವವರಿಗೆ

ಗಣೇಶಗುಡಿ ರಾಫ್ಟಿಂಗ್‌ಗೆ ಹೋದ್ರೆ ನೀರೇ ಇಲ್ಲ ಅಂದ್ರು. ಕಾಳಿ ತುಂಬಿರಲ್ವಾ?

ಅಲ್ಲಿ ಹೊಳೆ ಹರಿಯುವುದು ಕರೆಂಟಿನ ಲೆಕ್ಕದಲ್ಲಿ. ಸೂಪಾ ವಿದ್ಯುದಾಗಾರ ನಡೆದರೆ ನೀರು ಬರುತ್ತದೆ, ನಿಂತರೆ ಕಲ್ಲು ಕಾಣುತ್ತದೆ. ಹೋಗುವ ಮೊದಲು ಫೋನ್ ಮಾಡಿ ಕೇಳಿ. ಇದರಲ್ಲೇ ಒಂದು ಎಚ್ಚರಿಕೆಯೂ ಇದೆ. ಒಣಗಿದ ಹೊಳೆ ಪಾತ್ರದ ಬಂಡೆ ಮೇಲೆ ಕೂತು ಊಟ ಮಾಡಬೇಡಿ, ಮಳೆ ಇಲ್ಲದೆಯೂ ನೀರು ಏರುತ್ತದೆ. ಕೆಳಗೆ ಕದ್ರಾ ಅಣೆಕಟ್ಟಿನ ಹತ್ತಿರವೂ ಹಾಗೇ.

ರಾಫ್ಟಿನಿಂದ ಬಿದ್ದರೆ ಅಂಗಾತ ತೇಲಿ, ಕಾಲು ಹರಿವಿನ ಕಡೆ, ಪಾದ ನೀರಿನ ಮೇಲೆ. ನಿಲ್ಲಲು ಹೋಗಬೇಡಿ, ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ಮೈಯನ್ನು ಮಡಚುತ್ತದೆ. ದಾಂಡೇಲಿ ಪೇಟೆಯ ಹತ್ತಿರ ಅದೇ ಹೊಳೆಯಲ್ಲಿ ಈಜುವ ಯೋಚನೆ ಬಿಡಿ. ಅಲ್ಲಿ ಮೊಸಳೆಗಳಿವೆ. ಚಳಿಗಾಲದ ಬಿಸಿಲಿಗೆ ದಂಡೆಗೆ ಬಂದು ಮಲಗುತ್ತವೆ.

ನೇತ್ರಾಣಿಗೆ ಶನಿವಾರ ಹೋಗಿ ಡೈವ್ ಮಾಡಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ವಾಪಸ್. ಆಗುತ್ತಲ್ಲ?

ಆಗಬಾರದು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ನೀರು ಡಿಸೆಂಬರ್, ಜನವರಿಯಲ್ಲಿ ತಿಳಿಯಾಗಿರುತ್ತದೆ, ಹೋಗಲೇಬೇಕಾದ ಜಾಗ. ಆದರೆ ಗಾಳಿಯ ಸಿಲಿಂಡರ್ ಕಟ್ಟಿ ಆಳಕ್ಕೆ ಡೈವ್ ಮಾಡಿದಾಗ ರಕ್ತದಲ್ಲಿ ನೈಟ್ರೋಜನ್ ಕರಗಿ ಸೇರಿರುತ್ತದೆ, ನಿಧಾನವಾಗಿ ಹೊರಗೆ ಹೋಗಬೇಕು. ಎತ್ತರಕ್ಕೆ ಬೇಗ ಏರಿದರೆ ಅದು ಗುಳ್ಳೆ ಕಟ್ಟುತ್ತದೆ. ವಿಮಾನ ಹತ್ತಬಾರದು ಎಂದು ಎಲ್ಲರೂ ಹೇಳುತ್ತಾರೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ 18 ಗಂಟೆ ಕರಾವಳಿಯಲ್ಲೇ ಇರಿ. ಶನಿವಾರ ಡೈವ್, ಭಾನುವಾರ ಸಂಜೆ ಬಸ್ಸು. ನಡುವೆ ಇಡಗುಂಜಿಗೆ ಹೋಗಿಬನ್ನಿ.

ಕಯಾಕ್‌ನಲ್ಲಿ ಕೂರ್ಮಗಡಕ್ಕೆ ಹೋಗೋಣ್ವಾ? ಎದುರೇ ಕಾಣುತ್ತಲ್ಲ.

ಕಾಣುವುದೇ ತೊಂದರೆ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ತೀರಿಕೊಂಡರು. ಅದು ಇದೇ ಚಳಿಗಾಲದ, ಇದೇ ಶಾಂತ ಕಾಣುವ ನೀರು.

ಕಯಾಕಿಗೆ ಮೂಡುಗಾಳಿ ಮೋಸ ಮಾಡುತ್ತದೆ. ಹೋಗುವಾಗ ಬೆನ್ನಿಗೆ ಗಾಳಿ, ಹುಟ್ಟು ಹಾಕದೆಯೂ ದೋಣಿ ಓಡುತ್ತದೆ, ತೋಳಿಗೆ ಬಲ ಬಂದ ಹಾಗೆ ಅನಿಸುತ್ತದೆ. ತಿರುಗಿದಾಗ ಅದೇ ಗಾಳಿ ಎದೆಗೆ. ಹಾಗಾಗಿ ದಂಡೆ ಬಿಟ್ಟು ಐವತ್ತು ಮಾರು ಹೋಗಿ ಒಮ್ಮೆ ದಂಡೆಗೆ ವಾಪಸು ಹುಟ್ಟು ಹಾಕಿ ನೋಡಿ. ಅಷ್ಟು ದೂರ ವಾಪಸು ಬರಲು ಎಷ್ಟು ಹೊತ್ತು ಹಿಡಿಯಿತೋ ಅದರ ಮೇಲೆ ಮುಂದಿನ ಮಾತು. ದ್ವೀಪಕ್ಕಾದರೆ ಬುಡಮೇಲಾದ ಕಯಾಕನ್ನು ಆಳ ನೀರಿನಲ್ಲೇ ತಿರುಗಿಸಿ ಹತ್ತಲು ಬರಬೇಕು, ಜೊತೆಗೆ ಮೀನುಗಾರರ ದೋಣಿ ಇರಬೇಕು, ಬಂದರಿನವರಿಗೆ ಹೇಳಿರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಬೇಡ.

ಮೀನುಗಾರರು ಬೈತಾರೆ. ಸಮುದ್ರ ಎಲ್ಲರದ್ದಲ್ವಾ?

ಎಲ್ಲರದ್ದು. ಅವರಿಗೆ ಅದು ಅನ್ನವೂ ಹೌದು. ದಂಡೆಯಿಂದ ಏಂಡಿ ಬಲೆ, ರಾಂಪಣಿ ಎಳೆಯುವಾಗ ನೀವು ಒಳಗೆ ಈಜಿದರೆ ಮೀನು ಚೆದುರುತ್ತದೆ. ಗಂಟೆಗಟ್ಟಲೆ ಕಾದ ಕೆಲಸ ಹಾಳಾದರೆ ಯಾರಾದರೂ ಬೈಯುತ್ತಾರೆ. ಬಲೆ ಬಿಟ್ಟಿದ್ದರೆ ಬೇರೆ ಕಡೆ ಹೋಗಿ, ಇಲ್ಲವೇ ಹಗ್ಗ ಹಿಡಿದು ಜೊತೆಗೆ ಎಳೆಯಿರಿ. ನಮಗೆ ಅಲೆ, ಗಾಳಿಯ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಹಾಗೆ ಹಗ್ಗ ಹಿಡಿದಾಗ ಕೇಳಿದ್ದು.

ಚಳಿಗಾಲ ಕಡಲಾಮೆ ಮೊಟ್ಟೆ ಇಡುವ ಕಾಲವೂ ಹೌದು. ಕತ್ತಲಿರುವಾಗ ದಂಡೆಯಲ್ಲಿ ಟಾರ್ಚ್ ಆಡಿಸಬೇಡಿ, ಬೆಂಕಿ ಹಾಕಬೇಡಿ. ಮರಳಿನ ಮೇಲೆ ಆಮೆಯ ಹೆಜ್ಜೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ತಂಗಿ ಫಿನ್‌ಲ್ಯಾಂಡಿನಲ್ಲಿದ್ದಾಳೆ. ಹಿಮ ಒಡೆದು ಇಳಿಯೋ ವಿಡಿಯೋ ಕಳಿಸ್ತಾಳೆ. ನಾನೂ ಅಲ್ಲಿ ಹೋದಾಗ ಇಳೀಬಹುದಾ? ಇಲ್ಲೇ ತಯಾರಿ ಆಗುತ್ತಾ?

ಇಳಿಯಬಹುದು. ಅಲ್ಲಿ ಕೆರೆಯ ಹಿಮದಲ್ಲಿ ಕೊರೆದ ಕಂಡಿಗೆ ಏಣಿ ಇಟ್ಟಿರುತ್ತಾರೆ, ಪಕ್ಕದಲ್ಲೇ ಸೌನಾ, ಅಂದರೆ ಬೆವರಿಳಿಸುವ ಬಿಸಿ ಕೋಣೆ. ನೀರು ಸೊನ್ನೆಯ ಹತ್ತಿರ. ಏಣಿ ಹಿಡಿದೇ ಇಳಿದು, ತಲೆ ಮುಳುಗಿಸದೆ, ಅರ್ಧ ನಿಮಿಷದಲ್ಲಿ ಮೇಲೆ ಬನ್ನಿ. ಮೊದಲ ಸಲಕ್ಕೆ ಅದು ಸಾಕು. ಈಜಬೇಡಿ. ಅಂಥ ನೀರಿನಲ್ಲಿ ಹತ್ತು ನಿಮಿಷದೊಳಗೆ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಎಷ್ಟು ಒಳ್ಳೆಯ ಈಜುಗಾರರಾದರೂ. 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣೀರಿನಲ್ಲಿ ಒಂದು ಮೈಲಿ ಈಜುವವರಿದ್ದಾರೆ, ಅದಕ್ಕೆ ವರ್ಷಗಳ ಸಾಧನೆ ಬೇಕು.

ಇಂಗ್ಲಿಷ್ ಕಾಲುವೆಯ ಕನಸು ಇದ್ದವರೂ ಕೇಳುತ್ತಾರೆ. ಮಿಹಿರ್ ಸೇನ್ 1958ರಲ್ಲಿ ಅದನ್ನು ದಾಟಿದ ಮೊದಲ ಭಾರತೀಯ, ಮರುವರ್ಷ ಆರತಿ ಸಾಹಾ. ಇಬ್ಬರೂ ಬಂಗಾಳಿಗಳು, ತಣ್ಣೀರಿನ ನಾಡಿನವರಲ್ಲ. ಇಂದು ಪ್ರಯತ್ನಕ್ಕೆ ಮೊದಲು 16 ಡಿಗ್ರಿ ಅಥವಾ ಕಡಿಮೆ ನೀರಿನಲ್ಲಿ, ವೆಟ್‌ಸೂಟ್ ಇಲ್ಲದೆ, ಆರು ಗಂಟೆ ಈಜಿ ತೋರಿಸಬೇಕು. ನಮ್ಮ ಸಮುದ್ರದಲ್ಲಿ ದೂರ, ಉಪ್ಪು, ಅಲೆಯ ರೂಢಿ ಆಗುತ್ತದೆ. ಚಳಿಯ ರೂಢಿ ಆಗುವುದಿಲ್ಲ, ಅದಕ್ಕೆ ಹೊರಗೆ ಹೋಗಲೇಬೇಕು.

ತಂಗಿಯ ಊರಿನ ಅರ್ಧ ನಿಮಿಷಕ್ಕಾದರೆ ಇಲ್ಲೇ ತಯಾರಾಗಬಹುದು. ಡಿಸೆಂಬರಿನಲ್ಲಿ ಶಿರಸಿ ಕಡೆಯ ನೆಂಟರ ಮನೆಗೆ ಹೋಗಿ, ಬೆಳಗಿನ ಜಾವ ಹಿತ್ತಲ ಟಾಕಿಯ ನೀರನ್ನು ಕಾಲಿನಿಂದ ಮೇಲಕ್ಕೆ ಹಾಕಿಕೊಳ್ಳುತ್ತ ಬನ್ನಿ. ಉಸಿರು ಉದ್ದಕ್ಕೆ ಬಿಡುವುದನ್ನು ಅಲ್ಲೇ ಕಲಿಯಿರಿ. ಯಾರಾದರೂ ಹತ್ತಿರ ನಿಂತಿರಲಿ. ಹೊರಡುವಾಗ ಒಂದು ಉಣ್ಣೆ ಟೋಪಿ, ಒಂದು ಜೊತೆ ಉಣ್ಣೆ ಸಾಕ್ಸ್ ಇಟ್ಟುಕೊಳ್ಳಿ. ಹಿಮದ ಮೇಲೆ ಬರಿಗಾಲು ಅಂಟುತ್ತದೆ.